ಆಫ್ ಮಾಡಿದ್ದೇ ತಪ್ಪಂತೆ: ಕ್ಲೀನರ್ ಹುಡುಗರ ಚರಿತ್ರೆಯ ಒಂದು ಪುಟ



ಪೋಸ್ಟ್ ಉದ್ದ ಇದೆ, ಪುರುಸೊತ್ತಲ್ಲಿ ಓದಿ. ಮೀಸಲಾತಿ, ಭೂಮಿ, ಸ್ಮಶಾನದ ಜಾಗ ಅಂತ ಬರೆಯೋನು ಇವತ್ತು ಕಾರು ತೊಳೆಯೋ ವಿಷಯ ಹಿಡ್ಕೊಂಡು ಕೂತಿದ್ದಾನೆ ಅಂತ ನಗಬೇಡಿ. ಇದೂ ಅದೇ ವಿಷಯ. ಕೊನೆವರೆಗೂ ಬಂದರೆ ಗೊತ್ತಾಗುತ್ತೆ.

ಒಂದು ಭಾನುವಾರ ತ್ಯಾವರೆಕೊಪ್ಪದ ಹುಲಿ-ಸಿಂಹಧಾಮದ ಹತ್ತಿರ ನಮ್ಮಕ್ಕನ ಮಗನ ಜೊತೆ ಟೀ ಕುಡೀತಾ ನಿಂತಿದ್ದೆ. 1988ರಲ್ಲಿ ಸಫಾರಿ ಶುರುವಾದಾಗಿನಿಂದ ಸಾಗರ ರಸ್ತೆಯ ಈ ಜಾಗದಲ್ಲಿ ರಜೆ ಬಂತೆಂದರೆ ಗಾಡಿಗಳ ಸಾಲು. ನಾನು ಹುಡುಗನಾಗಿದ್ದಾಗ ಅಂಬಾಸಿಡರ್, ಮೆಟಡಾರ್ ಬರ್ತಿದ್ವು. ಆಮೇಲೆ ಕ್ವಾಲಿಸ್, ಇನ್ನೋವಾ ಬಂದವು. ಈಗ ಸದ್ದೇ ಇಲ್ಲದೆ ಬಂದು ಪಕ್ಕದಲ್ಲಿ ನಿಲ್ಲೋ ಹೈಬ್ರಿಡ್ ಕಾರುಗಳು. ಅಂಥದ್ದೊಂದು ಬಂದು ನಿಂತಿದ್ದೇ ತಡ, ಹುಡುಗ ಎರಡು ಹೆಜ್ಜೆ ಹಿಂದೆ ಸರಿದ. ಸಿಂಹಕ್ಕೆ ಹೆದರದವನು ಕಾರಿಗೆ ಹೆದರಿದ.

"ಯಾಕೋ?" ಅಂದೆ.

"ಇಂಥದ್ದೇ ಗಾಡಿ ಮಾವ" ಅಂದ.

ಆಗ ಕತೆ ಹೊರಗೆ ಬಂತು. ಹುಡುಗ ಎಸ್ಸೆಸ್ಸೆಲ್ಸಿ ಮುಗಿಸಿ, ಪಿಯುಸಿ ಅರ್ಧಕ್ಕೆ ಬಿಟ್ಟು ಮೊದಲು ನಮ್ಮ ಕಡೆಯೇ ಒಂದು ವಾಟರ್ ಸರ್ವಿಸ್‌ನಲ್ಲಿದ್ದ. ಆಮೇಲೆ ಬೆಂಗಳೂರಿಗೆ ಹೋಗಿ ಆಟೋಮ್ಯಾಟಿಕ್ ಕಾರ್ ವಾಶ್ ಒಂದರಲ್ಲಿ ಸೇರ್ಕೊಂಡ. ಯಾವುದು ಅಂತ ಇಲ್ಲಿ ಬರೆಯಲ್ಲ. ಅಲ್ಲಿ ಕಾರು ತಾನೇ ಮುಂದೆ ಹೋಗುತ್ತೆ. ನೆಲದಲ್ಲಿ ಹಳಿ ತರಹ ಒಂದು ದಾರಿ, ಅದರಲ್ಲಿ ರೋಲರ್. ರೋಲರ್ ಚಕ್ರವನ್ನು ಹಿಂದಿನಿಂದ ತಳ್ಳುತ್ತೆ. ಸೋಪಿನ ನೊರೆ, ಬ್ರಷ್ಷು, ನೀರು, ಬಿಸಿಗಾಳಿ ಎಲ್ಲ ದಾಟಿ ಕಾರು ಆ ಕಡೆ ಹೊರಗೆ ಬರುತ್ತೆ. ಹುಡುಗನ ಕೆಲಸ ಗಿರಾಕಿ ಕಾರನ್ನು ಹಳಿಗೆ ತಂದು ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಇಳಿಯೋದು. ದಿನಾ ಮಾಡ್ತಿದ್ದ. ಒಂದು ದಿನ ಹೈಬ್ರಿಡ್ ಕಾರು ಬಂತು. ಎಂದಿನ ಹಾಗೆ ನ್ಯೂಟ್ರಲ್‌ಗೆ ಹಾಕಿ, ಗುಂಡಿ ಒತ್ತಿ ಆಫ್ ಮಾಡಿ, ಇಳಿದ. ರೋಲರ್ ಬಂದು ತಳ್ಳಿತು, ಕಾರು ಕದಲಲಿಲ್ಲ. ಚಕ್ರ ಲಾಕ್ ಆಗಿತ್ತು. ಹಿಂದಿನ ಕಾರು ಬಂದು ಬಂಪರ್‌ಗೆ ಗುದ್ದಿತು.

"ಮಾವ, ನಾನು ಆನ್‌ನಲ್ಲಿ ಬಿಟ್ಟು ಇಳಿದಿದ್ರೆ ತಪ್ಪು ಅನ್ನಬಹುದಿತ್ತು. ನಾನು ಆಫ್ ಮಾಡಿದ್ದೆ. ಆಫ್ ಮಾಡಿದ್ದೇ ತಪ್ಪಂತೆ."

ಒಂದೂವರೆ ತಿಂಗಳ ಸಂಬಳ ಹಿಡ್ಕೊಂಡರು. ಜೊತೆಗೆ ಒಂದು ಮಾತೂ ಕೊಟ್ಟು ಕಳಿಸಿದರು: ನಿಮ್ಮಂಥವರ ಕೈಗೆ ಇಂಥ ಗಾಡಿ ಕೊಡಬಾರದಿತ್ತು, ಅಂತ. 'ನಿಮ್ಮಂಥವರು' ಅನ್ನೋ ಪದದ ಅರ್ಥ ನನ್ನ ಸ್ನೇಹಿತರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನಮ್ಮಪ್ಪ ನೆನಪಾದರು.

*

ನಮ್ಮಪ್ಪ ಲಾರಿ ಕ್ಲೀನರ್. ಭದ್ರಾವತಿಗೆ ಲೋಡ್ ಹೊಡೆಯೋ ಲಾರಿ. ಭದ್ರಾವತಿ ಅಂದ್ರೆ ಗೊತ್ತಲ್ಲ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾಯ್ತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು ಅದರ ಹೊಟ್ಟೆಗೆ ಹೋಯ್ತು. 1936ರಲ್ಲಿ ಕಾಗದದ ಕಾರ್ಖಾನೆ ಬಂತು, ನಮ್ಮ ಎಂಪಿಎಂ. ಅದಕ್ಕೆ ಬಿದಿರು, ಮರ. ಇವನ್ನೆಲ್ಲ ಹೇರೋದು, ಇಳಿಸೋದು, ಹೊರೋದು ಯಾರು? ಕಾರ್ಖಾನೆಯ ಚರಿತ್ರೆ ಬರೆದವರು ದಿವಾನರ ಹೆಸರು ಬರೆದರು, ಎಂಜಿನಿಯರುಗಳ ಹೆಸರು ಬರೆದರು. ಬರೆಯಲಿ, ಬೇಡ ಅನ್ನಲ್ಲ. ಲೋಡಿನ ಮೇಲೆ ಮಲಗಿ ಬಂದವರ ಹೆಸರು ಮಾತ್ರ ಯಾವ ಕಲ್ಲಿನ ಮೇಲೂ ಇಲ್ಲ.

ಕ್ಲೀನರ್ ಅನ್ನೋ ಪದವನ್ನೇ ನೋಡಿ. ಅವನು ಮಾಡೋ ಕೆಲಸ ಹತ್ತು. ಘಾಟಿಯಲ್ಲಿ ಲಾರಿ ನಿಂತರೆ ಇಳಿದು ಓಡಿ ಚಕ್ರಕ್ಕೆ ಕಲ್ಲು ಕೊಡಬೇಕು. ಹಿಂದೆ ತೆಗೆಯುವಾಗ ಬಾಡಿ ತಟ್ಟಿ ರೈಟ್, ರೈಟ್ ಅನ್ನಬೇಕು. ಪಂಕ್ಚರ್ ಬಿಚ್ಚಬೇಕು, ಹಗ್ಗ ಬಿಗಿಯಬೇಕು, ರಾತ್ರಿ ಲೋಡ್ ಕಾಯಬೇಕು, ಡ್ರೈವರ್‌ಗೆ ಅಡುಗೆ ಮಾಡಬೇಕು. (ನಮ್ಮಪ್ಪನಿಗೆ ಅಡುಗೆ ಕೆಲಸ ಮಾತ್ರ ಇರಲಿಲ್ಲ. ಯಾಕೆ ಅಂತ ನಿಮಗೇ ಗೊತ್ತು.) ಆದರೆ ಹೆಸರು ಬಂದಿದ್ದು ತೊಳೆಯೋ ಕೆಲಸದಿಂದ. ಈ ದೇಶದಲ್ಲಿ ಒಬ್ಬ ಮನುಷ್ಯ ಹತ್ತು ಕೆಲಸ ಕಲಿತಿದ್ದರೂ ಅವನನ್ನು ಕರೆಯೋದು ಅವನು ಎತ್ತುವ ಕೊಳೆಯ ಹೆಸರಿನಿಂದಲೇ.

ವಾರಕ್ಕೊಂದು ಸಲ ಲಾರಿಯನ್ನು ಭದ್ರಾ ಹೊಳೆಗೆ ಇಳಿಸೋರು. ನಾನೂ ಒಂದೆರಡು ಸಲ ಹೋಗಿದ್ದೇನೆ. ಲುಂಗಿ ಮೇಲೆ ಕಟ್ಟಿ, ತೆಂಗಿನ ನಾರು ಹಿಡಿದು ನಮ್ಮಪ್ಪ ಚಕ್ರ ಉಜ್ಜೋರು. ಮೇಲೆ ಡ್ರೈವರ್ ಸೀಟಿನಲ್ಲಿ ಬೀಡಿ. ಹೊಳೆಯಲ್ಲಿ ಲಾರಿ ತೊಳೆಯೋದು ತಪ್ಪು, ಆಯಿಲ್ ನೀರಿಗೆ ಹೋಗುತ್ತೆ ಅಂತ ಇವತ್ತು ನನಗೆ ಗೊತ್ತು. ಆವತ್ತು ನನಗೆ ಗೊತ್ತಿದ್ದಿದ್ದು ಇಷ್ಟೇ. ಲಾರಿ ಯಾವ ಘಟ್ಟದಲ್ಲಿ ಬೇಕಾದರೂ ಇಳೀತಿತ್ತು. ನಮ್ಮಪ್ಪ ಸ್ನಾನಕ್ಕೆ ಮಾತ್ರ ಕೆಳಗಡೆ ಹರಿವಿಗೆ ನಡ್ಕೊಂಡು ಹೋಗೋರು. ಲಾರಿಗೆ ಜಾತಿ ಇರಲಿಲ್ಲ, ಅದನ್ನ ತೊಳೆಯೋನಿಗೆ ಇತ್ತು.

ಆಯುಧಪೂಜೆ ಹಿಂದಿನ ರಾತ್ರಿ ಪೂರ್ತಿ ತೊಳೆದು, ಒರೆಸಿ, ಬೆಳಿಗ್ಗೆ ಹೊತ್ತಿಗೆ ಲಾರಿ ಫಳಫಳ ಅನ್ನೋದು. ಓನರ್ ಮನೆಯವರು ಬಂದು ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು, ಬೂದಗುಂಬಳಕಾಯಿ ಒಡೆದು ಪೂಜೆ ಮಾಡೋರು. ಆಗ ನಮ್ಮಪ್ಪ ದೂರ. ಪೂಜೆ ಆಗೋವರೆಗೂ ಗಾಡಿ ಮುಟ್ಟಬಾರದು. ರಾತ್ರಿ ಇಡೀ ಮುಟ್ಟಿದ ಕೈ ಬೆಳಿಗ್ಗೆ ಮೈಲಿಗೆ.

ಈಗ ಕಾನೂನಿನ ಕಡೆ ನೋಡಿ. ನಾನು ಆಫೀಸಿನಲ್ಲಿ ಫೈಲು ನೋಡೋನು, ಕಾಯ್ದೆ ಕಂಡರೆ ಓದೋ ಚಟ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ಡ್ರೈವರ್, ಕಂಡಕ್ಟರ್ ಜೊತೆ ಕ್ಲೀನರ್ ಅನ್ನೋ ಪದವೂ ಇತ್ತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಅಂತಲೂ ಇತ್ತು. ಮೊದಲ ಸಲ ಓದಿದಾಗ ನನಗೆ ಕಣ್ಣಲ್ಲಿ ನೀರೇ ಬಂತು. ಅಪ್ಪನ ಕೆಲಸಕ್ಕೂ ಪಾರ್ಲಿಮೆಂಟಿನಲ್ಲಿ ಒಂದು ಪದ ಸಿಕ್ಕಿತ್ತಲ್ಲ ಅಂತ. ಮುಂದೆ ಓದಿದೆ. ಆ ಕಾಯ್ದೆ ಅನ್ವಯ ಆಗ್ತಿದ್ದಿದ್ದು 5 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರು ಇರೋ ಸಂಸ್ಥೆಗೆ. ನಮ್ಮಪ್ಪನ ಓನರ್‌ಗೆ ಎರಡು ಲಾರಿ. ಇಬ್ಬರು ಡ್ರೈವರ್, ಇಬ್ಬರು ಕ್ಲೀನರ್. ಒಟ್ಟು ನಾಲ್ಕು. ಒಂದೇ ಒಂದು ತಲೆ ಕಡಿಮೆ ಬಿತ್ತು, ಕಾಯ್ದೆ ನಮ್ಮಪ್ಪನ ಪಕ್ಕದಲ್ಲೇ ಹಾದು ಹೋಯ್ತು.

*

ಗಾಡಿ, ನೀರು, ಜಾತಿ ಮೂರೂ ಕೂಡಿದ ಕಡೆ ನಮಗೆ ದಾರಿ ತೋರಿಸೋದು ಬಾಬಾಸಾಹೇಬರ ಬದುಕೇ. ಮೂರು ಘಟನೆಗಳನ್ನು ಅವರೇ ಬರೆದಿದ್ದಾರೆ. ಎಷ್ಟೋ ಜನ ಓದಿರ್ತೀರಿ, ಈ ಸಲ ಗಾಡಿಯ ಕಡೆಯಿಂದ ನೋಡಿ.

ಮೊದಲನೆಯದು 1901ರ ಸುಮಾರಿಗೆ. ಹುಡುಗ ಭೀಮರಾವ್ ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ತಂದೆಯನ್ನು ನೋಡೋಕೆ ರೈಲಿನಲ್ಲಿ ಹೊರಟು ಮಸೂರಿನಲ್ಲಿ ಇಳೀತಾರೆ. ಮಹಾರರ ಮಕ್ಕಳು ಅಂತ ಗೊತ್ತಾದ ಮೇಲೆ ಯಾವ ಗಾಡಿಯವನೂ ಹತ್ತಿಸಿಕೊಳ್ಳಲ್ಲ. ಕೊನೆಗೆ ಒಬ್ಬ ಒಪ್ಪಿದ. ಬಾಡಿಗೆ ಎರಡರಷ್ಟು. ಗಾಡಿ ಮಕ್ಕಳೇ ಹೊಡೀಬೇಕು, ಅವನು ಪಕ್ಕದಲ್ಲಿ ನಡೆದು ಬರ್ತಾನೆ. ರಾತ್ರಿ ಪೂರ್ತಿ ಕುಡಿಯೋಕೆ ನೀರು ಸಿಗಲಿಲ್ಲ.

ಎರಡನೆಯದು 1929, ಚಾಳೀಸಗಾಂವ್. ಆಗ ಅವರು ಬ್ಯಾರಿಸ್ಟರ್. ರೈಲ್ವೆ ಸ್ಟೇಷನ್ನಿನಿಂದ ಕೇರಿಗೆ ಕರ್ಕೊಂಡು ಹೋಗೋಕೆ ಯಾವ ಟಾಂಗಾದವನೂ ಬರಲಿಲ್ಲ. ನಮ್ಮವರು ಟಾಂಗಾ ಮಾತ್ರ ಬಾಡಿಗೆಗೆ ತಂದು, ಟಾಂಗಾ ಹೊಡೆದು ಅಭ್ಯಾಸವೇ ಇಲ್ಲದ ತಮ್ಮವನೊಬ್ಬನನ್ನು ಕೂರಿಸಿದರು. ಸೇತುವೆ ಹತ್ತಿರ ಚಕ್ರ ಸಿಕ್ಕಿಕೊಂಡು, ಕುದುರೆ ಗಾಡಿ ಸಮೇತ ಹೊಳೆಗೆ ಬಿತ್ತು. ಬಾಬಾಸಾಹೇಬರು ಕಲ್ಲಿನ ಮೇಲೆ ಎಸೆಯಲ್ಪಟ್ಟರು, ಕಾಲು ಮುರಿಯಿತು.

ಮೂರನೆಯದು 1934, ದೌಲತಾಬಾದ್ ಕೋಟೆ. ಸುಮಾರು 30 ಜನ ಸಂಗಾತಿಗಳ ಜೊತೆ ಬಸ್ಸು, ಕಾರುಗಳಲ್ಲಿ ಹೋಗಿದ್ದಾರೆ. ಪ್ರಯಾಣದ ಧೂಳು ಮೈತುಂಬ. ಕೋಟೆ ಬಾಗಿಲಲ್ಲಿ ತುಂಬಿದ ಕೊಳ. ಕೆಲವರು ಕೈಕಾಲು ಮುಖ ತೊಳೆದುಕೊಂಡರು. ಅಷ್ಟಕ್ಕೇ ಒಬ್ಬ ಮುದುಕ ಕೊಳ ಮೈಲಿಗೆ ಆಯ್ತು ಅಂತ ಕೂಗಾಡುತ್ತಾ ಬಂದ, ಜನ ಸೇರಿತು. ಆ ಮುದುಕ ಮುಸ್ಲಿಂ. ಜಾತಿಯ ರೋಗ ಧರ್ಮದ ಬೇಲಿ ಹಾರಿದೆ ಅಂತ ತೋರಿಸೋಕೇ ಬಾಬಾಸಾಹೇಬರು ಅದನ್ನು ದಾಖಲಿಸಿದ್ದು. ಕೊನೆಗೆ ಒಳಗೆ ಬಿಟ್ಟರು. ಎಲ್ಲೂ ನೀರು ಮುಟ್ಟದ ಹಾಗೆ ನೋಡಿಕೊಳ್ಳೋಕೆ ಜೊತೆಗೊಬ್ಬ ಬಂದೂಕಿನ ಸಿಪಾಯಿ. ಇದು ಮಹಾಡ್ ಸತ್ಯಾಗ್ರಹ ನಡೆದು 7 ವರ್ಷ ಆದ ಮೇಲಿನ ಮಾತು.

ಇದರಲ್ಲಿ ಚಾಳೀಸಗಾಂವ್ ಘಟನೆ ನನ್ನನ್ನು ಈಗ ಹೆಚ್ಚು ಕಾಡ್ತಿದೆ. ಆ ಟಾಂಗಾ ಹೊಡೆದ ಮನುಷ್ಯನ ತಪ್ಪೇನು? ಪ್ರೀತಿಯಿಂದ ಬಂದ. ಅವನಿಗೆ ಲಗಾಮು ಹಿಡಿಯೋದು ಯಾರೂ ಕಲಿಸಿರಲಿಲ್ಲ. ಕಲಿಸದೇ ಇರೋದು ಒಂದು ವ್ಯವಸ್ಥೆ. ಬಿದ್ದಾಗ ಅವನನ್ನೇ ದಡ್ಡ ಅನ್ನೋದು ಅದೇ ವ್ಯವಸ್ಥೆಯ ಎರಡನೇ ಭಾಗ. ಬಾಬಾಸಾಹೇಬರು ಆ ಮನುಷ್ಯನನ್ನು ಬೈದಿಲ್ಲ. ಬ್ಯಾರಿಸ್ಟರ್‌ಗಿಂತಲೂ ತಾನು ಮೇಲು ಅಂದುಕೊಳ್ಳೋ ಟಾಂಗಾದವನ ಮನಸ್ಸನ್ನು ಎತ್ತಿ ತೋರಿಸಿದ್ದಾರೆ.

ನಮ್ಮ ಹುಡುಗನೂ ಅದೇ ಟಾಂಗಾದ ಮೇಲೆ ಕೂತವನು.

*

ಕಾರು ತೊಳೆಯೋ ಯಂತ್ರಕ್ಕೂ ಒಂದು ಚರಿತ್ರೆ ಇದೆ. 1914ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ 'ಆಟೋಮೊಬೈಲ್ ಲಾಂಡ್ರಿ' ಅಂತ ಒಂದು ಅಂಗಡಿ ತೆಗೆದರು. ಹೆಸರು ದೊಡ್ಡದು, ಯಂತ್ರ ಏನೂ ಇಲ್ಲ. ಆಳುಗಳು ಕಾರನ್ನು ಕೈಯಲ್ಲಿ ತಳ್ಳೋದು. ಒಬ್ಬ ಸೋಪು ಹಚ್ಚೋದು, ಮುಂದಿನವನು ನೀರು ಹಾಕೋದು, ಅದರ ಮುಂದಿನವನು ಒರೆಸೋದು. ಮನುಷ್ಯರೇ ರೋಲರ್, ಮನುಷ್ಯರೇ ಬ್ರಷ್. 1940ರ ದಶಕದಲ್ಲಿ ಎಳೆಯೋ ಸರಪಳಿ, ತಿರುಗೋ ಬ್ರಷ್ಷು, ಗಾಳಿ ಊದೋ ಯಂತ್ರ ಬಂದವು. ಆದರೂ ಕೊನೆಗೆ ಬಟ್ಟೆ ಹಿಡಿದು ಒರೆಸೋ ಕೆಲಸ ಅಲ್ಲಿಯೂ ಬಹಳಷ್ಟು ಕಪ್ಪು ಜನರಿಗೆ, ಆಮೇಲೆ ವಲಸೆ ಬಂದ ಲ್ಯಾಟಿನೋ ಜನರಿಗೆ ಬಂತು. ದೇಶ ಬದಲಾದರೂ ಬಕೀಟು ಹಿಡಿದ ಕೈ ಮೇಲಿನ ಕೈ ಆಗಲ್ಲ.

ಹೈಬ್ರಿಡ್ ಕಾರಿನ ಚರಿತ್ರೆ ಚಿಕ್ಕದು. ಪೆಟ್ರೋಲ್ ಎಂಜಿನ್ನೂ ಇದೆ, ಬ್ಯಾಟರಿ ಮೋಟರೂ ಇದೆ. ಯಾವುದು ಯಾವಾಗ ಓಡಬೇಕು ಅಂತ ಕಾರೇ ತೀರ್ಮಾನ ಮಾಡುತ್ತೆ. 1997ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಟೊಯೋಟಾ ಪ್ರಿಯಸ್ ಬಂತು. ನಮ್ಮ ಕರ್ನಾಟಕಕ್ಕೂ ಇದರಲ್ಲಿ ಪಾಲಿದೆ. ನಮ್ಮ ಬಿಡದಿಯ ಕಾರ್ಖಾನೆಯಲ್ಲಿ 2013ರಿಂದ ಕ್ಯಾಮ್ರಿ ಹೈಬ್ರಿಡ್ ಜೋಡಿಸೋಕೆ ಶುರುವಾಯ್ತು. 2022ರಿಂದ ಹೈರೈಡರ್, ಇನ್ನೋವಾ ಹೈಕ್ರಾಸ್ ಅಲ್ಲಿಂದ ಬರ್ತಿವೆ. ಅಂದರೆ ರಾಮನಗರದ ಪಕ್ಕ ತಯಾರಾದ ಕಾರು ಅದು. ಆದರೆ ಆ ಕಾರನ್ನು ತೊಳೆಯೋ ಹುಡುಗನಿಗೆ ಅದು ಹೇಗೆ ಕೆಲಸ ಮಾಡುತ್ತೆ ಅಂತ ಯಾರೂ ಕನ್ನಡದಲ್ಲಿ ಹೇಳಿರಲಿಲ್ಲ. ಕಾರಿನ ಡ್ಯಾಶ್‌ಬೋರ್ಡ್ ಡ್ರಾಯರ್‌ನಲ್ಲಿ ದಪ್ಪ ಇಂಗ್ಲಿಷ್ ಪುಸ್ತಕ ಇರುತ್ತೆ. ಓನರ್ ಓದಲ್ಲ, ಕ್ಲೀನರ್‌ಗೆ ಓದೋಕೆ ಕೊಡಲ್ಲ.

ನಾನು ಓದಿದೆ. ಆಫೀಸಿನ ಸಹೋದ್ಯೋಗಿಯೊಬ್ಬರ ಹತ್ತಿರ ಹೈಬ್ರಿಡ್ ಕಾರಿದೆ, ಪುಸ್ತಕ ಕೇಳಿ ತಂದೆ. ಮೂರು ರಾತ್ರಿ ಡಿಕ್ಷನರಿ ಇಟ್ಕೊಂಡು ಕೂತೆ. ಹುಡುಗನ ತಪ್ಪು ಏನು ಅಂತ ಗೊತ್ತಾಯ್ತು.

ಕಾರ್ ವಾಶ್‌ನಲ್ಲಿ ಎರಡು ಜಾತಿ ಇದೆ. (ಇಲ್ಲೂ ಬಿಡಲ್ಲ ನೋಡಿ!) ಒಂದರಲ್ಲಿ ಕಾರು ನಿಂತಿರುತ್ತೆ, ಬ್ರಷ್ಷಿನ ಕಮಾನು ಅದರ ಮೇಲೆ ಹಿಂದೆ ಮುಂದೆ ಓಡಾಡುತ್ತೆ. ಇನ್ನೊಂದರಲ್ಲಿ ಬ್ರಷ್ಷು ನಿಂತಿರುತ್ತೆ, ಕಾರು ಹಳಿ ಮೇಲೆ ಸಾಗುತ್ತೆ. ಮೊದಲನೆಯದರಲ್ಲಿ ಕಾರು ಅಲುಗಾಡಬಾರದು. ಪಾರ್ಕಿಂಗ್‌ಗೆ ಹಾಕಿ, ಬ್ರೇಕ್ ಹಾಕಿ, ಆಫ್ ಮಾಡಬೇಕು. ಎರಡನೆಯದರಲ್ಲಿ ಚಕ್ರ ಉರುಳಲೇಬೇಕು. ನಮ್ಮ ಹುಡುಗ ಊರಿನಲ್ಲಿ ಕಲಿತಿದ್ದು ಮೊದಲನೇ ಥರದ್ದು: ಎಲ್ಲ ಆಫ್ ಮಾಡಿ ಇಳಿ. ಬೆಂಗಳೂರಲ್ಲಿ ಹೇಳಿಕೊಟ್ಟಿದ್ದು: ನ್ಯೂಟ್ರಲ್ ಮಾಡಿ ಆಫ್ ಮಾಡು. ಕೈಯಲ್ಲಿ ಗೇರ್ ಹಾಕೋ ಹಳೇ ಕಾರಿಗೆ ಈ ಮಾತು ನೂರಕ್ಕೆ ನೂರು ಸರಿ. ಅಲ್ಲಿ ಗೇರ್ ಕಡ್ಡಿಗೂ ಗೇರ್‌ಬಾಕ್ಸಿಗೂ ನೇರ ಸಂಬಂಧ. ನ್ಯೂಟ್ರಲ್‌ನಲ್ಲಿಟ್ಟರೆ ಎಂಜಿನ್ ಆಫ್ ಆದರೂ ನ್ಯೂಟ್ರಲ್ಲೇ. ಆದರೆ ಈಗಿನ ಬಹಳಷ್ಟು ಹೈಬ್ರಿಡ್ ಕಾರಿನ ಗೇರ್ ಕಡ್ಡಿ ಬರೀ ಸಿಗ್ನಲ್ ಕೊಡೋ ಸ್ವಿಚ್ಚು. ನಿಂತ ಕಾರಿನ ಪವರ್ ಗುಂಡಿ ಒತ್ತಿ ಆಫ್ ಮಾಡಿದರೆ, ಉರುಳಿ ಹೋಗದಿರಲಿ ಅಂತ ಕಾರು ತಾನೇ ಪಾರ್ಕಿಂಗ್‌ಗೆ ಹೋಗಿ ಚಕ್ರ ಲಾಕ್ ಮಾಡುತ್ತೆ. ಹುಡುಗ ಹೇಳಿಕೊಟ್ಟಿದ್ದನ್ನೇ ಮಾಡಿದ. ಹೇಳಿಕೊಟ್ಟಿದ್ದೇ ಹಳೇ ಪಾಠ.

ಹಾಗಾಗಿ ಪುಸ್ತಕದಲ್ಲಿರೋದನ್ನು ನಮ್ಮ ಮಾತಿನಲ್ಲಿ ಬರೆದೆ. ವಾಟರ್ ಸರ್ವಿಸ್‌ನಲ್ಲಿರೋ ನಿಮ್ಮ ಕೇರಿ ಹುಡುಗರಿಗೆ ಓದಿ ಹೇಳಿ:

1. ಮೊದಲು ಕೇಳು: ಕಾರು ನಿಲ್ಲೋ ವಾಶಾ, ಸಾಗೋ ವಾಶಾ? ನಿಲ್ಲೋದಾದರೆ ಪಾರ್ಕಿಂಗ್, ಬ್ರೇಕ್, ಆಫ್. ಸಾಗೋದಾದರೆ ಆಫ್ ಮಾಡಬೇಡ. 'ರೆಡಿ' ದೀಪ ಉರೀತಿರಲಿ, ಗೇರ್ ನ್ಯೂಟ್ರಲ್‌ನಲ್ಲಿರಲಿ, ಪಾರ್ಕಿಂಗ್ ಬ್ರೇಕ್ ಬಿಟ್ಟಿರಲಿ.

2. ಸದ್ದು ಇಲ್ಲ ಅಂದರೆ ಆಫ್ ಆಗಿದೆ ಅಂತಲ್ಲ. 'ರೆಡಿ' ದೀಪ ಇದ್ದರೆ ಗಾಡಿಗೆ ಜೀವ ಇದೆ. ಎಂಜಿನ್ ಯಾವಾಗ ಬೇಕಾದರೂ ತಾನೇ ಶುರುವಾಗುತ್ತೆ. ಕಿವಿ ನಂಬಬೇಡ, ದೀಪ ನೋಡು.

3. 'ಬ್ರೇಕ್ ಹೋಲ್ಡ್' ಅಥವಾ 'ಆಟೋ ಹೋಲ್ಡ್' ಗುಂಡಿ ಆಫ್ ಮಾಡು. ಇಲ್ಲದಿದ್ದರೆ ನಿಂತ ಕಾರಿನ ಬ್ರೇಕನ್ನು ಅದೇ ಹಿಡ್ಕೊಳ್ಳುತ್ತೆ.

4. ಕೆಲವು ಮಾಡೆಲ್‌ಗಳಲ್ಲಿ ಡ್ರೈವರ್ ಬಾಗಿಲು ತೆಗೆದರೂ ಕಾರು ಪಾರ್ಕಿಂಗ್‌ಗೆ ಹೋಗುತ್ತೆ. ಅಂಥದ್ದರಲ್ಲಿ ವಾಶ್ ಮುಗಿಯೋವರೆಗೂ ಒಬ್ಬರು ಕೀ ಇಟ್ಕೊಂಡು ಸೀಟಿನಲ್ಲೇ ಕೂತಿರಬೇಕು. ಕಾಲು ಬ್ರೇಕ್ ಮೇಲೆ ಬೇಡ, ಕೈ ಸ್ಟೇರಿಂಗ್ ಮೇಲೆ ಬೇಡ.

5. ಮಳೆ ಬಂದರೆ ತಾನೇ ಓಡೋ ವೈಪರ್ ಇದ್ದರೆ ಆಫ್ ಮಾಡು. ನೀರು ಬಿದ್ದ ತಕ್ಷಣ ಓಡುತ್ತೆ, ಬ್ರಷ್ಷಿಗೆ ಸಿಕ್ಕಿ ಮುರಿಯುತ್ತೆ. ಎದುರಿಗೆ ಏನಾದರೂ ಬಂದರೆ ತಾನೇ ಬ್ರೇಕ್ ಹಾಕೋ ವ್ಯವಸ್ಥೆ ಇದ್ದರೆ ಅದನ್ನೂ ಆಫ್ ಮಾಡು. ಬ್ರಷ್ಷನ್ನೇ ಅಡ್ಡಿ ಅಂದುಕೊಳ್ಳುತ್ತೆ.

6. ಗಾಜು ಏರಿಸು, ಸೈಡ್ ಮಿರರ್ ಮಡಚು, ಪೆಟ್ರೋಲ್ ಮುಚ್ಚಳ ನೋಡು. ಕಾಲು ಆಡಿಸಿದರೆ ತೆರೆಯೋ ಡಿಕ್ಕಿ ಇದ್ದರೆ ಅದರ ಸ್ವಿಚ್ಚು ಆಫ್.

7. ಕೈಯಲ್ಲಿ ತೊಳೆಯುವಾಗ ಕೀ ಜೇಬಿನಲ್ಲಿಟ್ಕೊಂಡು ಕಾರಿನ ಹತ್ತಿರ ನಿಲ್ಲಬೇಡ. ಹಿಡಿ ಮೇಲೆ ನೀರು ಬಿದ್ದರೆ ಕೈ ಮುಟ್ಟಿತು ಅಂದುಕೊಂಡು ಬಾಗಿಲು ಲಾಕ್-ಅನ್‌ಲಾಕ್ ಆಗ್ತಾ ಇರುತ್ತೆ. 2 ಮೀಟರ್ ಆಚೆ ಇಡು.

8. ದೊಡ್ಡ ಬ್ಯಾಟರಿ ಸೀಲ್ ಆಗಿರುತ್ತೆ. ಮಳೆಗೆ ಏನೂ ಆಗದ ಕಾರಿಗೆ ಮಾಮೂಲಿ ವಾಶ್‌ನಿಂದಲೂ ಏನೂ ಆಗಲ್ಲ, ಕರೆಂಟು ಹೊಡೆಯುತ್ತೆ ಅಂತ ಹೆದರಬೇಡ. ಆದರೆ ಬಾನೆಟ್ ತೆಗೆದು ಒಳಗೆ ಜೋರು ಪ್ರೆಶರ್‌ನಲ್ಲಿ ನೀರು ಹೊಡೀಬೇಡ. ಕಿತ್ತಳೆ ಬಣ್ಣದ ದಪ್ಪ ವೈರು ಕಂಡರೆ ಮುಟ್ಟಬೇಡ, ಅದು ಹೈ ವೋಲ್ಟೇಜ್.

9. ಒಳಗಡೆ ತೊಳೆಯುವಾಗ ನೀರು ಸುರಿಯಬೇಡ, ಒದ್ದೆ ಬಟ್ಟೆಯಲ್ಲಿ ಒರೆಸು. ಸೀಟಿನ ಹತ್ತಿರವೋ ಡಿಕ್ಕಿ ಕಡೆಯೋ ಬ್ಯಾಟರಿಗೆ ಗಾಳಿ ಹೋಗೋ ಜಾಲರಿ ಇರುತ್ತೆ. ಅದಕ್ಕೆ ನೀರು ಹೋಗಬಾರದು, ಬಟ್ಟೆ ಮುಚ್ಚಬಾರದು.

10. ನ್ಯೂಟ್ರಲ್‌ನಲ್ಲಿ ದೊಡ್ಡ ಬ್ಯಾಟರಿ ಚಾರ್ಜ್ ಆಗಲ್ಲ. ವಾಶ್‌ನ ಐದು ನಿಮಿಷಕ್ಕೆ ಏನೂ ತೊಂದರೆ ಇಲ್ಲ, ಆದರೆ ಎಸಿ ಹಾಕಿ ಗಂಟೆಗಟ್ಟಲೆ ಹಾಗೇ ಬಿಡಬೇಡ. ಹೊರಗೆ ಬಂದ ಮೇಲೆ ನಿಧಾನಕ್ಕೆ ಓಡಿಸಿ ಎರಡು ಸಲ ಬ್ರೇಕ್ ಒತ್ತಿ ನೋಡು, ನೀರು ಹೋಗಲಿ.

ಮಾಡೆಲ್‌ಗೊಂದು ರೀತಿ ಇರುತ್ತೆ. ಗೊತ್ತಿಲ್ಲದಿದ್ದರೆ ಓನರ್‌ನೇ ಹಳಿಗೆ ಹತ್ತಿಸೋಕೆ ಹೇಳು. ಕೇಳೋದು ಅವಮಾನ ಅಲ್ಲ.

ಇಷ್ಟೇ. ಹತ್ತು ಸಾಲು. ಇದನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದರೆ ನಮ್ಮ ಹುಡುಗನ ಒಂದೂವರೆ ತಿಂಗಳು ಉಳೀತಿತ್ತು.

*

ಇಲ್ಲಿ ಇನ್ನೊಂದು ಮಾತು. ಮನುಷ್ಯನ ಕೈ ತಾಗದೆ ಕಾರು ತೊಳೆಯೋ ಯಂತ್ರ ನಮ್ಮ ಊರುಗಳಿಗೂ ಬಂದಿದೆ. ಬಣ್ಣಕ್ಕೆ ಗೀರು ಬೀಳಬಾರದು ಅಂತ ಮೆತ್ತನೆ ಬ್ರಷ್ಷು ಹುಡುಕ್ತಾರೆ. ಒಳ್ಳೆಯದೇ. ಮ್ಯಾನ್‌ಹೋಲಿಗೆ ಮಾತ್ರ ಇನ್ನೂ ಮನುಷ್ಯ ಬೇಕು. 1970ರ ದಶಕದ ಮೊದಲಲ್ಲೇ ನಮ್ಮ ಬಸವಲಿಂಗಪ್ಪನವರು ಪೌರಾಡಳಿತ ಮಂತ್ರಿಯಾಗಿದ್ದಾಗ ತಲೆ ಮೇಲೆ ಮಲ ಹೊರೋದನ್ನು ನಿಷೇಧ ಮಾಡಿದರು. 1993ರಲ್ಲಿ ದೇಶಕ್ಕೆ ಕಾಯ್ದೆ ಬಂತು, 2013ರಲ್ಲಿ ಇನ್ನೂ ಗಟ್ಟಿ ಕಾಯ್ದೆ ಬಂತು, 2014ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಈ ಮಧ್ಯೆ 2010ರಲ್ಲಿ ನಮ್ಮ ಸವಣೂರಿನ ಭಂಗಿ ಬಂಧುಗಳು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟನೆ ಮಾಡಬೇಕಾಯ್ತು. 2018ರಿಂದ ಕೇರಳದಲ್ಲಿ ಮ್ಯಾನ್‌ಹೋಲ್‌ಗೆ ಇಳಿಯೋ ರೋಬಾಟ್ ಕೂಡ ಇದೆ. ಯಂತ್ರ ಇಲ್ಲ ಅಂತಲ್ಲ. ಯಂತ್ರ ಮೊದಲು ಯಾರ ಮೈ ಉಳಿಸಬೇಕು ಅಂತ ತೀರ್ಮಾನ ಮಾಡೋದು ಜಾತಿ. ಕಾರಿನ ಮೈ ಮೊದಲು, ಪೌರಕಾರ್ಮಿಕನ ಮೈ ಆಮೇಲೆ.

ನೀರಿನ ಕತೆಯೂ ಹಾಗೆಯೇ. 2024ರ ಮಾರ್ಚ್‌ನಲ್ಲಿ ಬೆಂಗಳೂರಲ್ಲಿ ನೀರಿಗೆ ಹಾಹಾಕಾರ ಆದಾಗ ಕುಡಿಯೋ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತು. ಸರಿಯಾದ ಆದೇಶ. ಆದರೆ ಬೆಳಗಿನ ಜಾವ ಬಕೀಟು ಹಿಡಿದು ಮನೆಮನೆ ಕಾರು ಒರೆಸೋ ಹುಡುಗರಿದ್ದಾರಲ್ಲ, ಅವರ ಕೇರಿಗೆ ನೀರು ಬರದಿರೋದು ಬರಗಾಲದಲ್ಲಿ ಮಾತ್ರ ಅಲ್ಲ. ಸಂವಿಧಾನದ 15ನೇ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟ ಅಂತ ಹೆಸರು ಹಿಡಿದು ಬರೆದಿದ್ದಾರೆ. ಯಾಕೆ ಅಂತ ಮಹಾಡ್ ಮತ್ತು ದೌಲತಾಬಾದ್ ನೆನಪು ಮಾಡ್ಕೊಳ್ಳಿ.

*

ಹುಡುಗನ ವಿಷಯಕ್ಕೆ ಬರ್ತೀನಿ. ಸಂಬಳ ಹಿಡಿದಿದ್ದು ಸರಿನಾ? ನಾನು ಕಾಯ್ದೆ ತೆಗೆದೆ. 1936ರ ವೇತನ ಪಾವತಿ ಕಾಯ್ದೆಯಿಂದ ಹಿಡಿದು 2019ರ ವೇತನ ಸಂಹಿತೆವರೆಗೂ ನಿಯಮ ಒಂದೇ. ನಷ್ಟಕ್ಕೆ ಅಂತ ಸಂಬಳ ಕಡಿತ ಮಾಡಬೇಕಾದರೆ ಆ ನಷ್ಟ ನೇರವಾಗಿ ಕೆಲಸಗಾರನ ಬೇಜವಾಬ್ದಾರಿಯಿಂದ ಆಗಿರಬೇಕು. ಕಡಿತಕ್ಕೆ ಮುಂಚೆ ಅವನಿಗೆ ಕಾರಣ ಹೇಳಿಕೊಳ್ಳೋ ಅವಕಾಶ ಕೊಡಬೇಕು. ಕಡಿತ ಆದ ನಷ್ಟಕ್ಕಿಂತ ಹೆಚ್ಚಿರಬಾರದು. ಒಂದು ಸಂಬಳದಲ್ಲಿ ಎಲ್ಲ ಕಡಿತ ಸೇರಿ ಸಾಮಾನ್ಯವಾಗಿ ಅರ್ಧಕ್ಕಿಂತ ಜಾಸ್ತಿ ಹಿಡಿಯೋ ಹಾಗಿಲ್ಲ. ಇವನಿಗೆ ಕಾರಣ ಕೇಳಿದವರು ಯಾರು? ಕೇಳಿದ್ದರೆ ಅವನು ಹೇಳ್ತಿದ್ದ: ಸಾರ್, ನೀವೇ ಆಫ್ ಮಾಡು ಅಂದಿದ್ರಿ.

ನಾನು ಒಂದು ಪತ್ರ ಬರೆದೆ. ಬೈಗುಳ ಇಲ್ಲ, ಘೋಷಣೆ ಇಲ್ಲ. ಒಂದು ಪುಟದಲ್ಲಿ ಕಾರಿನ ಪುಸ್ತಕದಲ್ಲಿರೋ ವಿಷಯ, ಇನ್ನೊಂದು ಪುಟದಲ್ಲಿ ಕಾಯ್ದೆಯ ವಿಷಯ. ಕೆಳಗೆ ಹುಡುಗನ ಸಹಿ. ರಿಜಿಸ್ಟರ್ಡ್ ಪೋಸ್ಟ್, ಅಕ್ನಾಲೆಡ್ಜ್‌ಮೆಂಟ್ ಸಮೇತ. ಹತ್ತು ದಿನ ಆದ ಮೇಲೆ ಫೋನ್ ಬಂತು. ಒಂದು ತಿಂಗಳದ್ದು ಖಾತೆಗೆ ಹಾಕಿದರು. ಉಳಿದ ಅರ್ಧ ಇನ್ನೂ ಬಂದಿಲ್ಲ. ಬರೋವರೆಗೂ ಬಿಡಲ್ಲ, ಮುಂದಿನ ಅರ್ಜಿ ಕಾರ್ಮಿಕ ಇಲಾಖೆಗೆ.

ಈ ಪತ್ರ ಬರೆಯೋದು ನನಗೆ ಯಾರು ಕಲಿಸಿದ್ದು? ಆಫೀಸು ಅಲ್ಲ. ದಲಿತ ಸಂಘರ್ಷ ಸಮಿತಿ. ಪ್ರೊ. ಬಿ. ಕೃಷ್ಣಪ್ಪನವರು ಇದೇ ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರಾಗಿದ್ದುಕೊಂಡು 1970ರ ದಶಕದಲ್ಲಿ ಸಂಘಟನೆ ಕಟ್ಟಿದರು. 1973ರ ಬೂಸಾ ಗಲಾಟೆಯ ಬಿಸಿ ಇನ್ನೂ ಆರಿರಲಿಲ್ಲ. ಚಂದ್ರಗುತ್ತಿಯ ಬೆತ್ತಲೆ ಸೇವೆ ವಿರುದ್ಧ 1986ರಲ್ಲಿ ನಿಂತವರು ಇವರೇ. ನಾನು ಅವರ ಕ್ಲಾಸಿನಲ್ಲಿ ಕೂತವನಲ್ಲ, ಅವರು ತೀರಿಕೊಂಡ 1997ರಲ್ಲಿ ನಾನಿನ್ನೂ ಹುಡುಗ. ಆದರೆ ಅವರ ಜೊತೆ ಓಡಾಡಿದ ಹಿರಿಯಣ್ಣಂದಿರು ನಮಗೆ ಅಧ್ಯಯನ ಶಿಬಿರದಲ್ಲಿ ಹೇಳ್ತಿದ್ದುದು ಒಂದೇ ಮಾತು. ಮೊದಲು ಕಾಗದ ಓದು, ಆಮೇಲೆ ಕಾಗದ ಬರಿ, ಆಮೇಲೆ ಬೀದಿಗೆ ಬಾ. ನಮ್ಮಪ್ಪನ ಮಾಲೀಕರ ಲಾರಿ ಎಂಪಿಎಂಗೆ ಮರ ಹೊತ್ತಿತು. ಅದೇ ಊರಿನಲ್ಲಿ ತಯಾರಾದ ಕಾಗದ ನಮ್ಮ ಕೈಗೆ ಕರಪತ್ರವಾಗಿ ಬಂತು. ಎಂಪಿಎಂ ಇವತ್ತು ನಿಂತಿದೆ. ಬರೆಯೋದು ನಿಲ್ಲಬಾರದು.

ಹುಡುಗ ಈಗ ಶಿವಮೊಗ್ಗದಲ್ಲೇ ಒಂದು ವಾಟರ್ ಸರ್ವಿಸ್ ಸೇರಿದ್ದಾನೆ. ಹತ್ತು ಸಾಲಿನ ಹಾಳೆಯನ್ನು ತಾನೇ ದಪ್ಪ ಅಕ್ಷರದಲ್ಲಿ ಬರೆದು, ಪ್ಲಾಸ್ಟಿಕ್ ಹಾಕಿಸಿ ಗೋಡೆಗೆ ಹೊಡೆದಿದ್ದಾನೆ. ಮೊನ್ನೆ ಫೋನ್ ಮಾಡಿ, "ಮಾವ, ಇವತ್ತು ಹೈಬ್ರಿಡ್ ಬಂದಿತ್ತು, ಓನರೇ ನಿಂತು ಓದ್ಕೊಂಡು ಹೋದರು" ಅಂದ.

"ನೀನು ಏನು ಮಾಡಿದೆ?" ಅಂದೆ.

"ಹತ್ತಿರ ನಿಂತು ಹೇಳಿಕೊಟ್ಟೆ" ಅಂದ.

ನಮ್ಮಪ್ಪ ಇದ್ದಿದ್ದರೆ ಕೇಳಿಸಬೇಕಿತ್ತು ಈ ಮಾತು.

ಆ ಹತ್ತು ಸಾಲನ್ನು ಕಾಪಿ ಮಾಡಿ ಬಳಸಿ, ನನ್ನ ಹೆಸರು ಬೇಡ. ನಿಮ್ಮ ಊರಿನಲ್ಲಿ ಕಾರು, ಬಸ್ಸು, ಲಾರಿ ತೊಳೆಯೋ ಹುಡುಗರಿಗೆ ಹೀಗೆ ನಷ್ಟ ಅಂತ ಸಂಬಳ ಹಿಡಿದಿದ್ದರೆ ನನಗೆ ತಿಳಿಸಿ, ಪತ್ರ ಬರೆಯೋಣ. ಬರೆಯೋಕೆ ಬರೋರು ನೀವೇ ಬರೀರಿ.

ಜೈಭೀಮ್.